ಭೀಮನ ಕಲ್ಲು

ಹದ್ದುಬಸ್ತಿಗೆ, ಅಂದರೆ ಸರಕಾರದವರಿಂದ ಹೊಲದ ಗಡಿ ಅಳೆಸುವುದಕ್ಕೆ, ಅರ್ಜಿ ಕೊಟ್ಟವಳು ನಾನೇ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ಬೇಡ ಎಂದವರಿದ್ದರು; ಅವರ ಮಾತು ಕೇಳುವ ಜಾಯಮಾನ ನನ್ನದಲ್ಲ.

ದೇವಾಪುರದ ನಮ್ಮ ಹೊಲದ ಮೂಡಣ ಅಂಚಿಗೆ ಒಂದು ಬೇವಿನ ಮರವಿದೆ. ಅದರ ಬುಡದಲ್ಲಿ ನನ್ನ ಗಂಡ ಬಸವಂತ್ರಾಯನ ಸಮಾಧಿ. ಮಣ್ಣು ಮಾಡಿ ಮೂರು ವರ್ಷವಾಯಿತು. ಈ ಸಲ ಕಾಡುಹಂದಿಗಳು ಬಿತ್ತಿದ ಶೇಂಗಾ ಕೆದರಿದ್ದು ಸಾಲದೆ ಆ ಗುಡ್ಡೆಯನ್ನೂ ಕೆದರಿದವು. ಬೆಳಿಗ್ಗೆ ಹೋಗಿ ನೋಡಿದರೆ ತಲೆ ಕಡೆಯ ಮಣ್ಣೆಲ್ಲ ಚೆಲ್ಲಾಪಿಲ್ಲಿಯಾಗಿತ್ತು. ನನ್ನ ಅತ್ತೆ ಯಂಕಮ್ಮ ಸೆರಗಿನಲ್ಲಿ ಮಣ್ಣು ತುಂಬಿ ತಂದು ಹಾಕಿ, ಅಂಗೈಯಿಂದ ತಟ್ಟಿ ತಟ್ಟಿ ಸಮ ಮಾಡಿದಳು. ಆಮೇಲೆ ಒಂದೇ ಮಾತು ಕೇಳಿದಳು.

"ಚಂದ್ರಿ, ನನ್ನ ಮಗನ್ನ ಹಿಂಗ ಬಿಡ್ತಿ ಏನವಾ?"

ಅವತ್ತೇ ಸುತ್ತ ತಂತಿ ಬೇಲಿ ಹಾಕಿಸುವುದೆಂದು ಗಟ್ಟಿ ಮಾಡಿದೆ. ಶಹಾಪುರದಿಂದ ಮೇಸ್ತ್ರಿ ಮೈನುದ್ದೀನನನ್ನು ಕರೆಸಿದೆ. ಅವನು ಹೊಲಕ್ಕೆ ಒಂದು ಸುತ್ತು ಹಾಕಿ, ಗಡಿಯ ಮಣ್ಣಿನ ವಡ್ಡಿನ ಮೇಲಿನ ಜಾಲಿ ಕಂಟಿ ಕಡಿದು ಜಾಗ ಮಾಡಿಕೊಟ್ಟರೆ ಸಾಕು, ಕುಣಿ ತೋಡಿ ಕಲ್ಲುಕಂಬ ನಿಲ್ಲಿಸುತ್ತೇನೆ ಎಂದ.

ಆಚೆ ಹೊಲದ ಅಮರಪ್ಪ ನಮ್ಮ ಮಾತು ಕೇಳಿ ವಡ್ಡಿಗೆ ಬಂದು ನಿಂತ.

"ಅಕ್ಕ, ಈಗಿದ್ದ ವಡ್ಡಿನ ಮ್ಯಾಲೇ ಬೇಲಿ ಹಾಕ್ಸಿಬಿಡ್ರಿ. ನನ್ನ ತಕರಾರ ಏನಿಲ್ಲ. ನಾ ಈ ಹೊಲ ಮಾರಾಕತ್ತೇನಿ. ರಿಜಿಸ್ಟ್ರಿ ಆಗೂದರೊಳಗ ಮುಗಿಸ್ರಿ. ಬೇಕಂದ್ರ ಕಾಗದದ ಮ್ಯಾಲ ಸಹಿ ಮಾಡಿಕೊಡ್ತೀನಿ."

ಒಳ್ಳೆಯ ಮಾತೇ. ನನಗೆ ಮಾತ್ರ ಅದರಲ್ಲಿ ಹುಳುಕು ಕಂಡಿತು. ಇಷ್ಟು ಸಲೀಸಾಗಿ ಸಹಿ ಮಾಡುತ್ತೇನೆ ಎನ್ನುವವನು ನಮ್ಮದೇನೋ ನುಂಗಿಯೇ ಇರಬೇಕು. ಪ್ರತಿ ವರ್ಷ ಅವನ ಟ್ರ್ಯಾಕ್ಟರ್ ನಮ್ಮ ವಡ್ಡು ಕೆರೆದುಕೊಂಡು ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೆ.

"ಅಳತಿ ಮಾಡಸ್ತೀನಿ," ಎಂದೆ. "ಸರಕಾರದವ್ರು ಬಂದು ಬರಾಬರ್ ನೋಡ್ಲಿ. ಯಾರ ಮಣ್ಣು ಯಾರ ಹೊಟ್ಟ್ಯಾಗ ಹೋಗ್ಯಾದ ಗೊತ್ತಾಗ್ತದ."

ಅಮರಪ್ಪ ಮುಖ ಸಣ್ಣದು ಮಾಡಿಕೊಂಡು ಹೋದ. ಗೆದ್ದೆ ಅಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಸರ್ವೆಯರ್ ಬರಲು ಎರಡು ತಿಂಗಳಾಯಿತು. ಅಷ್ಟರಲ್ಲಿ ಅಮರಪ್ಪನ ಹೊಲ ಸಿಂಧನೂರಿನವರೊಬ್ಬರ ಹೆಸರಿಗೆ ಆಗಿಹೋಗಿತ್ತು. ನಾನೂ ಕೈಕಟ್ಟಿ ಕೂರಲಿಲ್ಲ. ಜಾಲಿ ಕಡಿದೆ, ಬೇರು ಕೀಳಿಸಿದೆ, ಮುಳ್ಳು ಗುಡ್ಡೆ ಹಾಕಿ ಸುಟ್ಟೆ. ಮೊಳಕೈವರೆಗೂ ಗೀರು ಗಾಯ. ಕಲ್ಲುಕಂಬಗಳನ್ನೂ ತರಿಸಿ ಇಳಿಸಿದೆ. ಸರ್ವೆಯರ್ ಬಂದ ದಿನ ಇಡೀ ಅಂಚು ಹಬ್ಬದ ಅಂಗಳದಂತೆ ಚೊಕ್ಕಟವಾಗಿತ್ತು.

"ಮೂಲಿ ಕಲ್ಲು ಎಲ್ಲದ್ರಿ?" ಎಂದು ಅವರು ಕೇಳಿದರು.

ಬೇವಿನ ಬುಡದ ಕಲ್ಲನ್ನು ಜಂಬದಿಂದ ತೋರಿಸಿದೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜಿಸಿ, ಭಜ್ಜಿ ರೊಟ್ಟಿ ಎಡೆ ಹಿಡಿದು, ಅದನ್ನೇ ಹೊಲದ ತುಂಬ ಚರಗ ಚೆಲ್ಲುವುದು ನಮ್ಮಲ್ಲಿ ನಡೆದು ಬಂದದ್ದು. ನಾಲ್ಕು ಕಲ್ಲುಗಳನ್ನು ಆ ವರ್ಷ ಸಿಕ್ಕಲ್ಲಿಂದ ಆರಿಸಿ ತರುತ್ತೇವೆ. ದೊಡ್ಡದು, ಭೀಮ, ಮಾತ್ರ ಗಡಿಯ ಬಾಂದಗಲ್ಲು. ನಾನು ಸೊಸೆಯಾಗಿ ಬಂದಾಗಿನಿಂದ ಅಲ್ಲೇ ಕೂತಿದ್ದಾನೆ.

ಸರ್ವೆಯರ್ ಸುಣ್ಣ ಕೆರೆದು ಕಲ್ಲಿನ ತಲೆಯ ಮೇಲಿನ ಗುರುತು ನೋಡಿದರು. ಕೋಲಿಗೆ ಸಿಕ್ಕಿಸಿದ ಯಂತ್ರ ಹಿಡಿದು ನಡೆದರು, ನಕ್ಷೆ ನೋಡಿದರು, ಮತ್ತೆ ನಡೆದರು. ಕೊನೆಗೆ ಬೇವಿನಿಂದ ಹದಿನಾರು ಅಡಿ ನಮ್ಮ ಹೊಲದೊಳಕ್ಕೆ ಬಂದು ನಿಂತರು.

"ಕಲ್ಲು ಖರೇನ ಸರಕಾರದ್ದೇ. ಆದ್ರ ಇದರ ಜಾಗಾ ಇಲ್ಲಿ ಅದ. ಯಾರೋ ಸರಿಸ್ಯಾರ."

"ಯಾವನ್ರಿ ಅವ ಸರಿಸಿದಾವ?" ಎಂದು ನಾನು ಸೆರಗು ಬಿಗಿದು ಜಗಳಕ್ಕೇ ನಿಂತೆ.

ಮರದ ಕೆಳಗೆ ಕೂತಿದ್ದ ಅತ್ತೆ ತಣ್ಣಗೆ ಹೇಳಿದಳು. "ನಾವೇ ಸರಿಸೀವಿ. ನಿಮ್ಮ ಮಾವ, ನಾನು. ನೀ ಇನ್ನ ಬಂದಿದ್ದಿಲ್ಲ. ಭೀಮ ಬಿಸಲಾಗ ಕುಂತಿದ್ದ. ಪೂಜಿ ಮಾಡಿ ಉಣ್ಣಾಕ ನೆರಳು ಬೇಕಲ್ಲ? ಬೇವು ಅಮರಪ್ಪನ ಅಪ್ಪಂದು. ಅವನೇ ಇಲ್ಲಿ ಇಡ್ರಿ ಅಂತ ಒಂದು ಕೈ ಹಚ್ಚಿದ. ಎಲ್ಲಾರೂ ಕೂಡೇ ಉಂಡೀವಿ. ದೇವರನ್ನ ಕುಂದರಿಸಿದ ಮ್ಯಾಲ ಮತ್ತ ಯಾರು ಎಬ್ಬಸ್ತಾರ?"

ಯಾರೂ ಎಬ್ಬಿಸಲಿಲ್ಲ. ಕಲ್ಲು ಕೂತಲ್ಲಿವರೆಗೆ ನಮ್ಮ ಕುಂಟೆ ಹೋಯಿತು, ಕುಂಟೆ ಹೋದಲ್ಲಿಗೆ ವಡ್ಡು ಬಿತ್ತು. ಅಮರಪ್ಪನಿಗೆ ಇದೆಲ್ಲ ಗೊತ್ತಿತ್ತು. ಅದಕ್ಕೇ ಸಹಿ ಮಾಡಿಕೊಡುತ್ತೇನೆ ಎಂದಿದ್ದ.

ಸರ್ವೆಯರ್ ಹೊಸ ಗಡಿಗೆ ಸುಣ್ಣದ ಗೆರೆ ಎಳೆಸಿದರು. ಮರ ಗೆರೆಯ ಆಚೆಗಾಯಿತು. ಸಮಾಧಿಯೂ ಆಚೆಗಾಯಿತು.

ನಾನು ಯಾರ ಮುಂದೆಯೂ ಕೈ ಜೋಡಿಸಿದವಳಲ್ಲ. ಅವತ್ತು ಜೋಡಿಸಿದೆ.

"ಸಾಹೇಬ್ರ, ಗೆರಿ ಜರಾ ಆ ಕಡಿ ಸರಸ್ರಿ. ಒಂದು ಹೆಣ ಮಲಗೂವಷ್ಟು ಜಾಗಾ ಸಾಕು."

"ನಾ ಸರಿಸಾಕ ಬರಂಗಿಲ್ರಿ ಅಕ್ಕ," ಎಂದರು ಅವರು, ಕೆಟ್ಟ ದನಿಯಲ್ಲೇನೂ ಅಲ್ಲ. "ಅಳೀರಿ ಅಂತ ಅರ್ಜಿ ಕೊಟ್ಟವ್ರು ನೀವೇ ಇದ್ದೀರಿ."

ಅಮರಪ್ಪನಿಗೆ ಫೋನ್ ಮಾಡಿದೆ. "ಈಗ ನನ್ನ ಕೈಯಾಗ ಏನದ ಅಕ್ಕ? ನಾ ಅವತ್ತೇ..." ಎಂದವನು ಅಷ್ಟಕ್ಕೇ ಫೋನ್ ಇಟ್ಟ. ಬೈದಿದ್ದರೆ ನನಗೆ ಒಂದಿಷ್ಟು ಸಮಾಧಾನವಾಗುತ್ತಿತ್ತು. ಸಿಂಧನೂರಿನವರಿಗೂ ಫೋನ್ ಮಾಡಿದೆ; ಅವರು ಅಮ್ಮ ಅಮ್ಮ ಎಂದು ಮರ್ಯಾದೆಯಿಂದಲೇ ಮಾತಾಡಿದರು. ಅಲ್ಲಿ ಹತ್ತಿ ಗೋದಾಮು ಕಟ್ಟುತ್ತಾರಂತೆ, ಯುಗಾದಿಗೆ ಮುಂಚೆ ಬೇವು ಕಡಿಸುತ್ತಾರಂತೆ, ಅಷ್ಟರಲ್ಲಿ ಸಮಾಧಿ ಎತ್ತಿಕೊಂಡರೆ ಉಪಕಾರವಾಗುತ್ತದಂತೆ. ಮಣ್ಣಾದವರನ್ನು ಮತ್ತೆ ಅಗೆದು ಎಬ್ಬಿಸುವ ಪದ್ಧತಿ ನಮ್ಮಲ್ಲಿಲ್ಲ. ಇದನ್ನು ಅತ್ತೆಗೆ ಹೇಳುವ ಬಾಯಿಯೂ ನನಗಿಲ್ಲ. ಊರಿಗೆಲ್ಲ ಬಾಯಿ ಮಾಡುವವಳು ನಾನು.

ಸರ್ವೆಯರ್ ಹೋದ ಮೇಲೆ ಮೈನುದ್ದೀನ ಸುಣ್ಣದ ಗೆರೆಯ ಮೇಲೆ ಹಾರೆ ಹಿಡಿದು ನಿಂತು ನನ್ನ ಮುಖ ನೋಡಿದ. ಕಂಬಗಳು ಬಂದು ಬಿದ್ದಿವೆ. ಶೇಂಗಾ ಕಾಯಿ ಕಟ್ಟುತ್ತಿದೆ. ಹಂದಿಗಳಿಗೆ ನಮ್ಮ ಅಳತೆ ಗೊತ್ತಿಲ್ಲ. ತೋಡು ಎಂದು ಕೈಸನ್ನೆ ಮಾಡಿದೆ.

ಹಾರೆ ನೆಲಕ್ಕೆ ಬಿದ್ದ ಸಪ್ಪಳ ಕೇಳಿ ಅತ್ತೆ ಒಮ್ಮೆ ಈ ಕಡೆ ತಿರುಗಿದಳು. ಆ ಬಿಳಿ ಗೆರೆ ಏನೆಂದು ಅವಳು ಕೇಳಲಿಲ್ಲ. ಗೆರೆಯ ಆಚೆ ಮತ್ತೆ ಸಮಾಧಿಯ ಕಡೆ ಬಾಗಿ, ಮಣ್ಣು ತಟ್ಟುತ್ತ ಮಗನ ಜೊತೆ ಮಾತಾಡಿದಳು.

"ಇನ್ನ ಹಂದಿ ಕಾಟ ಇಲ್ಲ ಬಿಡಪಾ. ನಿನ್ನ ಹೇಣ್ತಿ ಬೇಲಿ ಹಾಕಸಾಕತ್ಯಾಳ."