ಅಳತೆಗೆ ಸಿಗದ ಪದಗಳು

ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕವಿತೆ ಪಾಠ ಮಾಡಿ ನಿವೃತ್ತರಾಗಿದ್ದ ಸುಧಾಮಣಿಯವರಿಗೆ ಯುಗಾದಿ ಕಳೆದ ಮೇಲೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ನಿಂತಿತು. ಮಗ ಶಂಕರ್ ಅವರನ್ನು ಚಾಮರಾಜನಗರದ ತನ್ನ ಮನೆಗೆ ಕರೆತಂದ. ಕೆಲವು ವಾರಗಳಲ್ಲಿ ಮಾತು ಮರಳಿತು. ಆದರೆ ಮರಳಿದ್ದು ಕನ್ನಡವಲ್ಲ. ಗಂಜಿ ಕುಡಿಸುತ್ತಿದ್ದ ಸೊಸೆ ಭಾನುವಿನ ಮುಖ ನೋಡಿ, "ಫ್ಯಾದಮ್‌ಲೆಸ್" ಅಂದರು.

ಭಾನುವಿನ ಕೈಯಲ್ಲಿ ಚಮಚ ಹಾಗೇ ನಿಂತಿತು. ಹರವೆಯ ರೈತರ ಮನೆಯ ಹುಡುಗಿ ಅವಳು. ಮದುವೆಯಾದ ಹೊಸದರಲ್ಲಿ ಅತ್ತೆ ನೆಂಟರೆದುರೇ ಅವಳ ಇಂಗ್ಲಿಷನ್ನು ತಿದ್ದಿ ನಗುತ್ತಿದ್ದರು. ಆಮೇಲೆ ಅಂಥವೇ ಇನ್ನೂ ಕೆಲವು ಪದ ಬಂದವು. 'ನೀರು' ಅನ್ನಲಾರದ ಬಾಯಿಗೆ 'ಇಮ್‌ಮೆಷರಬಲ್', 'ಬೌಂಡ್‌ಲೆಸ್' ಅಷ್ಟು ಸಲೀಸಾಗಿ ಬರುವುದು ಹೇಗೆ?

"ಹಂಗೂ ಆಗುತ್ತೆ ಅಂತ ಡಾಕ್ಟ್ರೇ ಹೇಳಿದ್ರಲ್ಲ," ಎಂದ ಶಂಕರ್. "ಜೀವಮಾನವೆಲ್ಲ ಅದನ್ನೇ ಪಾಠ ಮಾಡವ್ರೆ. ಆಳ, ಅಗಲ, ಕೊನೆ ಯಾವ್ದೂ ಅಳೆಯೋಕಾಗದ್ದಕ್ಕೆ ಹೇಳೋ ಮಾತು ಅವು."

ಭಾನುವಿನ ತಾಯಿ ಚಿಕ್ಕಮಾದಮ್ಮ ಫೋನಿನಲ್ಲಿ ಬೇರೆಯೇ ಹೇಳಿದಳು. "ನಾಟ್ಕ ಕಣವ್ವ. ಹಾಸಿಗೆ ಬಟ್ಟೆ ನಿನ್ ಕೈಲಿ ಒಗಿಸ್ಕೊಂಡ್ರೂ ನಾನೇ ಓದ್ದೋಳು ಅನ್ನೋ ಜಂಬ. ಒಂದ್ಸಲ ಪರೀಕ್ಸೆ ಮಾಡ್ಬುಡು."

ಆ ಮಾತು ಹುಳದ ಹಾಗೆ ಕೊರೆಯಿತು. ಮರುದಿನ ಶಂಕರ್ ಕೆಲಸಕ್ಕೆ ಹೋದ ಮೇಲೆ ಭಾನು ನೀರಿನ ಚೊಂಬನ್ನು ಮಂಚದಿಂದ ದೂರ, ಕಿಟಕಿಯ ಕಟ್ಟೆಯ ಮೇಲಿಟ್ಟಳು. "ಪ್ಯಾಟೆಗೆ ಓಗ್ಬತ್ತೀನಿ ಅತ್ತೆ," ಎಂದು ಬಾಗಿಲು ಎಳೆದುಕೊಂಡು ಸಂದಿಯಲ್ಲಿ ಕಣ್ಣಿಟ್ಟಳು. ಯಾರೂ ಇಲ್ಲವೆಂದು ಗೊತ್ತಾದರೆ ಮುದುಕಿ ಕನ್ನಡದಲ್ಲಿ ಗೊಣಗದೆ ಇರುತ್ತಾಳೆಯೇ?

ಬಿಸಿಲು ಏರಿತು. ಸುಧಾಮಣಿ ಚೊಂಬನ್ನೇ ನೋಡಿದರು. "ಫ್ಯಾ... ಫ್ಯಾದಮ್‌ಲೆಸ್." ಅದಲ್ಲ ಎನ್ನುವಂತೆ ತಲೆ ಅಲ್ಲಾಡಿಸಿದರು. ಮತ್ತೆ ಬಾಯಿ ತೆರೆದರೆ ಬಂದದ್ದು "ಬೌಂಡ್‌ಲೆಸ್." ಎಡಗೈಯಿಂದ ತಮ್ಮ ಬಾಯಿಗೆ ತಾವೇ ಹೊಡೆದುಕೊಂಡರು. ಇನ್ನೊಮ್ಮೆ ಹೊಡೆದುಕೊಂಡರು. ಕಣ್ಣೀರು ಕಿವಿಯತ್ತ ಇಳಿಯಿತು.

ಭಾನು ಬಾಗಿಲು ತಳ್ಳಿ ಓಡಿಬಂದು ಆ ಕೈ ಹಿಡಿದಳು.

"ಬುಡಿ ಅತ್ತೆ, ಒಡ್ಕೋಬ್ಯಾಡಿ. ಚೊಂಬ ಬೇಕೂಂತ್ಲೇ ಅಲ್ಲಿ ಮಡಗಿದ್ದೆ. ನಿಮ್ ಮ್ಯಾಲೆ ಅನುಮಾನ ಬಂದ್ಬುಡ್ತು."

ಸುಧಾಮಣಿ ಅವಳನ್ನು ಬಹಳ ಹೊತ್ತು ದಿಟ್ಟಿಸಿದರು. ಮಾತು ಹೋಗಿತ್ತೇ ಹೊರತು ತಿಳಿವಳಿಕೆ ಹೋಗಿರಲಿಲ್ಲ. ಭಾನು ನೀರು ಹಿಡಿದರೆ ತುಟಿ ಬಿಗಿದು ಗೋಡೆಯ ಕಡೆ ಹೊರಳಿದರು.

ಸಂಜೆ ಭಾನು ಗಂಡನಿಗೆ ಎಲ್ಲ ಹೇಳಿದಳು. ಶಂಕರ್ ತಾನೇ ಲೋಟಕ್ಕೆ ನೀರು ಬಗ್ಗಿಸಿಕೊಂಡು ತಾಯಿಯ ಬಳಿ ಹೋದ. ಅಂದಿನಿಂದ ಸುಧಾಮಣಿ ಮಗನ ಕೈಯಿಂದ ಮಾತ್ರ ಕುಡಿದರು. ಭಾನು ಒಳಗೆ ಬಂದಾಗಲೆಲ್ಲ ಅವರ ಕಣ್ಣು ಅವಳ ಕೈಯನ್ನೇ ಹಿಂಬಾಲಿಸುತ್ತಿತ್ತು.

ಕೊನೆಗೊಂದು ಮಧ್ಯಾಹ್ನ, ಶಂಕರ್ ಇಲ್ಲದ ಹೊತ್ತಿನಲ್ಲಿ, ಬಾಯಾರಿಕೆ ತಡೆಯದೆ ಅವರೇ ಕರೆದರು. "ಫ್ಯಾದಮ್‌ಲೆಸ್."

ಭಾನು ಲೋಟ ತಂದಳು. ಅತ್ತೆ ಲೋಟ ನೋಡಿದರು, ಅವಳ ಮುಖ ನೋಡಿದರು, ಬಾಯಿ ಮಾತ್ರ ತೆರೆಯಲಿಲ್ಲ. ಭಾನುವಿಗೆ ಅರ್ಥವಾಯಿತು. ಮೊದಲು ತಾನೊಂದು ಗುಟುಕು ಕುಡಿದು ತೋರಿಸಿದಳು. ಆಮೇಲೆ ಸುಧಾಮಣಿ ಕುಡಿದರು.