ಏಳನೆಯ ನಮೂನೆ

"ಹಿಂದಕ್ಕೆ! ಇನ್ನೂ ಹಿಂದಕ್ಕೆ ತೊಗೋ ಅದನ್ನ!" ಎಂದು ಕೂಗುತ್ತ ಲಿಯೋ ಮಾಮ ಹಿಮ ತುಳಿದುಕೊಂಡು ಬಂದು ಡೆನೀಸಳ ಕಾರಿನ ಬಾನೆಟ್ಟಿನ ಮೇಲೆ ಅಂಗೈಯಿಂದ ಬಡಿದ. "ಜಪಾನಿನ ಡಬ್ಬ ತಂದು ನಿಮ್ಮಮ್ಮನ ಶವದ ಹಿಂದೆ ನಿಲ್ಲಿಸ್ತೀಯಲ್ಲೇ, ನಾಚಿಕೆ ಆಗಲ್ವ? ಮೂವತ್ತಮೂರು ವರ್ಷ ಡನ್‌ಮೋರ್ ಉಪ್ಪು ತಿಂದೋಳು ಅವಳು."

"ನಾನು ಅವಳ ಮಗಳು ಮಾಮ. ಮುಂದೆ ನಾನಲ್ದೆ ಇನ್ಯಾರಿರ್ಬೇಕು?"

"ನೀನು ಮುಂದಿರು, ಯಾರು ಬೇಡ ಅಂದ್ರು? ಈ ಡಬ್ಬ ಹಿಂದಿರ್ಲಿ. ನನ್ನ ಗಾಡೀಲಿ ಕೂತ್ಕೋ."

ಮೂರು ರಾತ್ರಿ ನಿದ್ದೆಗೆಟ್ಟಿದ್ದ ಡೆನೀಸಳಿಗೆ ಅವನೊಡನೆ ಜಗಳವಾಡುವ ತ್ರಾಣವಿರಲಿಲ್ಲ. ಕಾರನ್ನು ಚರ್ಚಿನ ಬೇಲಿಯ ಪಕ್ಕಕ್ಕೆ ಒಯ್ದು ನಿಲ್ಲಿಸಿ ಬಂದಳು. ಶವದ ಗಾಡಿಯ ಹಿಂದೆ ಆರು ಹಳೆಯ ಡನ್‌ಮೋರ್ ಕಾರುಗಳು ಸಾಲಾಗಿ ನಿಂತಿದ್ದವು. ನಿವೃತ್ತರ ಸಂಘದ ಮುದುಕರು ಆ ಕೊರೆಯುವ ಚಳಿಯಲ್ಲೂ ಬೆಳಿಗ್ಗೆ ಎದ್ದು ಅವನ್ನು ತೊಳೆದು ಒರೆಸಿದ್ದರು.

ಕಾರ್ಖಾನೆ ಮುಚ್ಚಿ ಹತ್ತು ವರ್ಷವಾಗಿತ್ತು. ಅಣ್ಣತಮ್ಮಂದಿರಿಬ್ಬರು ಕುದುರೆಗಾಡಿಯ ಚಕ್ರ ಮಾಡುತ್ತಿದ್ದ ಕೊಟ್ಟಿಗೆಯಲ್ಲಿ ಹುಟ್ಟಿ, ಎರಡು ಯುದ್ಧಗಳಿಗೆ ಆಂಬುಲೆನ್ಸ್ ಮಾಡಿ ಕಳಿಸಿ, ಆಲ್ಡನ್‌ವಿಲ್ಲಿನ ಮುಕ್ಕಾಲು ಮನೆಗಳ ಒಲೆ ಉರಿಸಿದ ಡನ್‌ಮೋರ್ ಕಂಪನಿ ಒಂದು ಶುಕ್ರವಾರ ಸಂಜೆ ಗೇಟಿಗೆ ಸರಪಳಿ ಬಿಗಿದುಕೊಂಡು ಹೋಗಿಬಿಟ್ಟಿತ್ತು. ಆದರೂ ಅಲ್ಲಿ ದುಡಿದವರು ತೀರಿಕೊಂಡರೆ ಊರಿನವರು ಡನ್‌ಮೋರ್ ಕಾರುಗಳಲ್ಲೇ ಮಣ್ಣಿಗೆ ಕರೆದೊಯ್ಯುತ್ತಿದ್ದರು. ಅಮ್ಮ, ಲೊರೆಟ್ಟಾ ಗುರ್ಸ್ಕಿ, ಕಾರು ಮಾಡಿದವಳಲ್ಲ. ಮಾಲೀಕರ ಪತ್ರ ವಿಭಾಗದಲ್ಲಿ ಬೆರಳಚ್ಚು ಮಾಡುತ್ತಿದ್ದವಳು. ಕಾರು ಕೊಂಡವರು ದೇಶದ ಮೂಲೆಮೂಲೆಗಳಿಂದ ಬರೆದ ಪತ್ರಗಳಿಗೆ ಉತ್ತರ ಕಳಿಸುವುದು ಅವಳ ಕೆಲಸ.

ಅಷ್ಟರಲ್ಲಿ ಗೇಟಿನ ಹತ್ತಿರ ನಿಂತಿದ್ದ ಅಪರಿಚಿತರೊಬ್ಬರನ್ನು ಡೆನೀಸ್ ನೋಡಿದಳು. ಎಪ್ಪತ್ತರ ಆಚೀಚಿನ ಎತ್ತರದ ಮನುಷ್ಯ. ಬೂಟು, ಪ್ಯಾಂಟಿನ ಅಂಚು ಹಿಮದಲ್ಲಿ ನೆಂದಿದ್ದವು. ಬಸ್ ನಿಲ್ದಾಣದಿಂದ ನಡೆದೇ ಬಂದಂತಿತ್ತು.

ಲಿಯೋ ಮಾಮನ ಕಣ್ಣಿಗೂ ಅವರು ಬಿದ್ದರು. "ಬನ್ನಿ ಯಜಮಾನ್ರೇ, ಜಾಗ ಇದೆ." ತನ್ನ ಕಾರಿನ ಹಿಂಬಾಗಿಲನ್ನು ತೆರೆದು ಹಿಡಿದ. "ಅರವತ್ತೆರಡನೇ ಇಸವಿ ಮೆರಿಡಿಯನ್. ಈ ಬಾಗಿಲು ಜೋಡಿಸಿದ್ದೂ ನಾನೇ ಇರ್ಬಹುದು. ಕಾರ್ಖಾನೇಲಿ ಬಾಗಿಲು ಜೋಡಿಸೋ ಲೈನಲ್ಲೇ ಇದ್ದೆ."

ಅವರು ಬಾಗಿಲನ್ನೊಮ್ಮೆ, ಲಿಯೋನನ್ನೊಮ್ಮೆ ನೋಡಿದರು. ಒಂದು ಹೆಜ್ಜೆ ಹಿಂದೆ ಸರಿದರು.

"ಬೇಡ. ನಡ್ಕೊಂಡು ಬರ್ತೀನಿ."

"ಎರಡು ಮೈಲಿ ಇದೆ ರೀ! ಈ ಚಳೀಲಿ ಸತ್ತುಹೋಗ್ತೀರಿ."

"ನಡೀತೀನಿ," ಎಂದು ಅವರು ಆಗಲೇ ತಿರುಗಿದ್ದರು.

"ಯಾವ ಲೋಕದಿಂದ ಬಂದವನಪ್ಪ ಇವನು," ಎಂದು ಗೊಣಗುತ್ತ ಮಾಮ ಬಾಗಿಲು ಹಾಕಿದ. ಆ ಧ್ವನಿಯನ್ನು ಎಲ್ಲೋ ಕೇಳಿದ್ದೇನೆ ಅನ್ನಿಸಿತು ಡೆನೀಸಳಿಗೆ. ಬುಧವಾರ ಮನೆಗೆ ಫೋನ್ ಬಂದಿತ್ತು. "ಲೊರೆಟ್ಟಾ ಇದ್ದಾರಾ?" ಇಲ್ಲ, ನಿನ್ನೆ ತೀರಿಕೊಂಡರು, ಶನಿವಾರ ಹತ್ತಕ್ಕೆ ಚರ್ಚಿನಲ್ಲಿ ಎಂದು ಹೇಳುವಷ್ಟರಲ್ಲಿ ಆ ಕಡೆ ಫೋನ್ ಇಟ್ಟಿದ್ದರು.

ಪಾದ್ರಿಗಳು ಕೊನೆಯ ಪ್ರಾರ್ಥನೆ ಮುಗಿಸುವ ಹೊತ್ತಿಗೆ ಅವರು ಸ್ಮಶಾನ ತಲುಪಿದರು. ದೂರದಲ್ಲೇ ನಿಂತರು. ಟೋಪಿ ತೆಗೆದರು. ಎಲ್ಲರೂ ಒಂದೊಂದು ಹೂವು ಹಾಕಿ ಸರಿದ ಮೇಲೆ ಗುಂಡಿಯ ಹತ್ತಿರ ಬಂದು ಒಳಗೆ ಇಣುಕಿ ನೋಡಿದರು. ಶಿಲುಬೆಯ ಗುರುತು ಮಾಡಲಿಲ್ಲ, ಮಣ್ಣು ಹಾಕಲಿಲ್ಲ.

"ಊಟಕ್ಕೆ ಬನ್ನಿ," ಎಂದು ಡೆನೀಸ್ ಕರೆದಳು. "ಅಮ್ಮನಿಗೆ ಗೊತ್ತಿದ್ದವರು ಹಸ್ಕೊಂಡು ಹೋಗ್ಬಾರ್ದು."

"ಗೊತ್ತಿರಲಿಲ್ಲ," ಎಂದರು ಅವರು. ಆದರೂ ಬಂದರು.

*

ಚರ್ಚಿನ ನೆಲಮಾಳಿಗೆಯಲ್ಲಿ ಉದ್ದನೆಯ ಮೇಜುಗಳು. ಹೊಗೆಯಾಡಿಸಿದ ಸಾಸೇಜು, ಬೆಣ್ಣೆಯಲ್ಲಿ ಹೊರಳಿಸಿದ ಪಿಯರೋಗಿ ಕಡುಬು, ಹುಳಿ ಎಲೆಕೋಸು. ಹೊಟ್ಟೆ ಬೆಚ್ಚಗಾದಂತೆ ಮುದುಕರ ನಾಲಿಗೆ ಸಡಿಲವಾಯಿತು.

"ಲೊರೆಟ್ಟಾ ಹೇಳ್ತಿದ್ಲು," ಎಂದು ಲಿಯೋ ಮಾಮ ಶುರುಮಾಡಿದ. "ಒಬ್ಬ ರೈತ ಕಾರಿಗೆ ಹೆಂಡ್ತಿ ಹೆಸರಿಟ್ಟಿದ್ನಂತೆ. ಆಮೇಲೆ ಹೆಂಡ್ತಿ ಓಡಿಹೋದ್ಲು. 'ಈಗ ಕಾರಿನ ಹೆಸರು ಬದಲಾಯಿಸಿದ್ರೆ ಗ್ಯಾರಂಟಿ ಹೋಗತ್ತಾ' ಅಂತ ಕಂಪನಿಗೆ ಬರ್ದಿದ್ದ!"

ಎಲ್ಲರೂ ನಕ್ಕರು. ಇನ್ನೊಬ್ಬರು, ಹಿಂದಿನ ಸೀಟಿನಲ್ಲಿ ಹೆರಿಗೆಯಾಗಿ ಮಗುವಿಗೆ ಮೆರಿಡಿಯನ್ ಎಂದೇ ಹೆಸರಿಟ್ಟವಳ ಪತ್ರ ನೆನಪಿಸಿದರು. ಮತ್ತೊಬ್ಬರು, ಕರುವನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಸಂತೆಗೆ ಹೋದವನ ಕತೆ ಹೇಳಿದರು. ಅಮ್ಮನ ಪಕ್ಕದ ಮೇಜಿನಲ್ಲಿ ಇಪ್ಪತ್ತು ವರ್ಷ ಕೂತಿದ್ದ ಬರ್ನೀಸ್ ಆಂಟಿ ಮಾತ್ರ ನಗಲಿಲ್ಲ. ಮೂಲೆಯಲ್ಲಿ ಒಬ್ಬರೇ ಕೂತಿದ್ದ ಆ ಅಪರಿಚಿತರನ್ನೇ ನೋಡುತ್ತಿದ್ದರು.

"ಬೈದು ಬರೆದವರಿಗೂ ಮರ್ಯಾದೆಯಿಂದ ಉತ್ತರ ಕೊಟ್ಟೋಳು ನನ್ನ ತಂಗಿ," ಎಂದ ಮಾಮ, ಲೋಟ ಎತ್ತಿ.

"ಹೌದು," ಎಂದರು ಆ ಅಪರಿಚಿತರು ಮೂಲೆಯಿಂದ. "ನಮ್ಮನೆಗೂ ಒಂದು ಉತ್ತರ ಬಂದಿತ್ತು."

ಕೋಟಿನ ಒಳಜೇಬಿನಿಂದ ಮಡಿಕೆಯಲ್ಲಿ ಹರಿದ ಹಾಳೆ ತೆಗೆದು, ಕನ್ನಡಕವಿಲ್ಲದೆಯೇ, ಬಾಯಿಪಾಠ ಒಪ್ಪಿಸುವವರಂತೆ ಓದಿದರು. "'ಮಾನ್ಯ ಶ್ರೀಮತಿ ಟೀಲ್ ಅವರೇ, ಡನ್‌ಮೋರ್ ಕುಟುಂಬಕ್ಕೆ ಸೇರಿದ್ದಕ್ಕಾಗಿ ವಂದನೆಗಳು. ಹಿಂಬಾಗಿಲು ತಾನಾಗಿಯೇ ತೆರೆದುಕೊಂಡಿತೆಂಬ ದೂರು ಈವರೆಗೆ ಬೇರೆ ಯಾವ ಮಾಲೀಕರಿಂದಲೂ ನಮಗೆ ಬಂದಿಲ್ಲ. ದಯವಿಟ್ಟು ಬಾಗಿಲನ್ನು ಸರಿಯಾಗಿ ಹಾಕುವ ಅಭ್ಯಾಸ ಮಾಡಿಕೊಳ್ಳಿ.'"

ಬರ್ನೀಸ್ ಆಂಟಿಯ ಕೈಯಿಂದ ಫೋರ್ಕು ತಟ್ಟೆಗೆ ಬಿತ್ತು. "ಏಳನೇ ನಮೂನೆ," ಎಂದರು ಮೆಲ್ಲಗೆ.

"ಏನ್ರೀ ನಿಮ್ಮ ಉದ್ದೇಶ?" ಲಿಯೋ ಮಾಮ ಎದ್ದು ನಿಂತಿದ್ದ. "ಮಣ್ಣು ಇನ್ನೂ ಹಸಿಯಾಗಿದೆ. ಇವತ್ತು ತೆಗೆಯೋ ಮಾತಾ ಇದು?"

"ಮಾಮ, ಕೂತ್ಕೋ."

"ಕೂರಲ್ಲ! ತಿಂದ ತಟ್ಟೇಲೇ ಉಗಿಯೋರನ್ನ ನಾನು—"

"ಕೂತ್ಕೋ ಅಂದೆ!" ಡೆನೀಸಳ ದನಿ ತಾಯಿಯ ದನಿಯಂತೆಯೇ ಇತ್ತು. ಮಾಮ ಬಾಯಿ ಮುಚ್ಚಿದ. ಅವಳು ಟೀಲ್ ಎಂಬ ಆ ಅಪರಿಚಿತರ ತೋಳು ಹಿಡಿದು ಅಡುಗೆಮನೆಯತ್ತ ಕರೆದೊಯ್ದಳು. ಬರ್ನೀಸ್ ಆಂಟಿ ಕೋಲೂರುತ್ತ ಹಿಂದೆಯೇ ಬಂದರು. ಕರೆಯದಿದ್ದರೂ ಕೇಳದಿದ್ದರೂ ಏಳನೇ ನಮೂನೆ ಎಂದರೇನೆಂದು ಅವರೇ ಹೇಳತೊಡಗಿದರು.

*

ಅರವತ್ತೆರಡರ ಚಳಿಗಾಲ. ಮೂರನೇ ಅಂತಸ್ತಿನ ಕೋಣೆಯಲ್ಲಿ ಎಂಟು ಬೆರಳಚ್ಚು ಯಂತ್ರಗಳು. ದಿನಾ ಬೆಳಿಗ್ಗೆ ಚೀಲದಲ್ಲಿ ಪತ್ರಗಳು ಬರುತ್ತಿದ್ದವು. ಮೇಲಧಿಕಾರಿ ಪ್ರೂಯಿಟ್ ಒಂದೊಂದನ್ನೂ ಓದಿ, ಮೂಲೆಯಲ್ಲಿ ಕೆಂಪು ಪೆನ್ಸಿಲಿನಿಂದ ಒಂದು ಅಂಕಿ ಬರೆಯುತ್ತಿದ್ದ. ಒಂದು ಎಂದರೆ ಹೊಗಳಿದವರಿಗೆ ಕೃತಜ್ಞತೆ. ನಾಲ್ಕು ಎಂದರೆ ಬಣ್ಣ ಕಿತ್ತಿದ್ದಕ್ಕೆ ವಿಷಾದ. ಏಳು ಎಂದರೆ, ಇಂಥ ದೂರು ಬೇರೆ ಯಾರಿಂದಲೂ ಬಂದಿಲ್ಲ.

ಆ ಚಳಿಗಾಲ ಏಳರ ಪತ್ರಗಳು ಒಂದರ ಹಿಂದೊಂದು ಬಂದವು. ಹಳ್ಳಬಿದ್ದ ರಸ್ತೆಯಲ್ಲಿ, ತಿರುವಿನಲ್ಲಿ, ಕಡುಚಳಿಯ ಬೆಳಿಗ್ಗೆ, ಮೆರಿಡಿಯನ್ನಿನ ಹಿಂಬಾಗಿಲು ತೆರೆದುಕೊಳ್ಳುತ್ತಿತ್ತು. "ಬರ್ನೀಸ್, ನಿನ್ನೆ ಮಾಡಿದ್ದೂ ಇದೇ ಅಲ್ವೇನೇ?" ಎಂದು ಲೊರೆಟ್ಟಾ ಪಿಸುಗುಟ್ಟಿದಳು. "ಬೇರೆ ಯಾರಿಂದಲೂ ಬಂದಿಲ್ಲ ಅಂತ ನಾನೊಬ್ಬಳೇ ಐದು ಜನಕ್ಕೆ ಬರ್ದೆ."

"ನಮಗ್ಯಾಕೆ? ಟೈಪ್ ಹೊಡಿ ಸುಮ್ನೆ."

ಲೊರೆಟ್ಟಾ ಹೊಡೆದಳು. ಆದರೆ ಲಕೋಟೆ ಅಂಟಿಸುವ ಮುನ್ನ ಪ್ರತಿ ಪತ್ರದ ಜೊತೆ ಒಂದು ಚೂರು ಕಾಗದ ಸೇರಿಸತೊಡಗಿದಳು. ಕೈಬರಹ. ಹೆಸರಿಲ್ಲ, ಸಹಿಯಿಲ್ಲ. "ಹಿಂದಿನ ಎರಡೂ ಬಾಗಿಲುಗಳ ಹಿಡಿಗೆ ಹಗ್ಗ ಬಿಗಿದು ಕಟ್ಟಿ. ಮಕ್ಕಳನ್ನು ನಡುವೆ ಕೂರಿಸಿ." ಅಷ್ಟೇ. ಡಿಸೆಂಬರ್ ಇಡೀ ಹೀಗೇ ನಡೆಯಿತು.

ಜನವರಿಯಲ್ಲಿ ಯಾರೋ ಒಬ್ಬ ಒಳ್ಳೆಯ ಮನುಷ್ಯ ಕಂಪನಿಗೇ ಕೃತಜ್ಞತೆ ಬರೆದ. ಹಗ್ಗ ಕಟ್ಟಿ ಎಂದು ಬುದ್ಧಿ ಹೇಳಿದ ಮಹಾರಾಯರು ಯಾರೋ, ಅವರಿಂದ ನನ್ನ ಮಕ್ಕಳು ಉಳಿದರು, ದೇವರು ಅವರನ್ನು ಚೆನ್ನಾಗಿಟ್ಟಿರಲಿ ಎಂದು. ಪ್ರೂಯಿಟ್ ಅದನ್ನು ಕೋಣೆಯ ನಡುವೆ ನಿಂತು ಗಟ್ಟಿಯಾಗಿ ಓದಿದ. "ಈ ಮಹಾರಾಯರು ಯಾರು ಅಂತ ನಾನೇ ಪತ್ತೆ ಮಾಡ್ತೀನಿ. ಆ ದಿನವೇ ಅವರ ಕೊನೇ ದಿನ."

ಲೊರೆಟ್ಟಾಳ ಗಂಡ ಆಗ ಬೆನ್ನು ಮುರಿದುಕೊಂಡು ಮಲಗಿದ್ದ. ಡೆನೀಸಳಿಗೆ ಮೂರು ವರ್ಷ. ಮನೆ ನಡೆಯುತ್ತಿದ್ದುದು ಅವಳ ಸಂಬಳದಲ್ಲಿ. ಮೂರು ವಾರ ಪ್ರೂಯಿಟ್ ಲಕೋಟೆಗಳನ್ನು ತಾನೇ ಅಂಟಿಸಿದ. ಮೂರು ವಾರ ಚೂರು ಕಾಗದ ಹೋಗಲಿಲ್ಲ. ದೂರದ ಅಯೋವಾ ರಾಜ್ಯದ ಆಲ್ಮಾ ಟೀಲ್ ಎಂಬಾಕೆಯ ಪತ್ರ ಬಂದದ್ದು ಆ ಮೂರು ವಾರಗಳಲ್ಲಿ.

*

"ಪತ್ರ ಬರ್ದಿದ್ದು ಆಲ್ಮಾ, ನನಗೆ ಹೇಳದೆ," ಎಂದರು ಟೀಲ್. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ನೆಲ ನೋಡುತ್ತಿದ್ದರು. "ಬಾಗಿಲು ತಾನಾಗೇ ತೆಗೆದುಕೊಳ್ಳತ್ತೆ ಅಂತ ಅವಳು ಹೇಳಿದಾಗೆಲ್ಲ ನಾನು ನಕ್ಕಿದ್ದೆ. ಈ ಉತ್ತರ ಬಂತು. ನಾನೇ ಓದಿದೆ. 'ನೋಡು, ಇಡೀ ದೇಶದಲ್ಲಿ ಯಾರ ಬಾಗಿಲಿಗೂ ಇಲ್ಲದ ರೋಗ ನಿನ್ನ ಬಾಗಿಲಿಗೆ ಮಾತ್ರ. ಬಾಗಿಲು ಹಾಕೋದು ಕಲ್ತುಕೋ' ಅಂದೆ. ಹದಿನೆಂಟು ದಿನ ಆಗಿತ್ತು ಅಷ್ಟೇ. ಅವಳು ಕಾರು ಓಡಿಸ್ತಿದ್ಲು. ನಮ್ಮ ಮಗಳು ರೂತ್ ಹಿಂದೆ ಕೂತಿದ್ಲು. ಐದು ವರ್ಷ. ತಿರುವಲ್ಲಿ ಬಾಗಿಲು ತೆಗೆದುಕೊಳ್ತು, ಮಗು ಉಳೀಲಿಲ್ಲ."

ಕೆಟಲಿನಲ್ಲಿ ಕಾಫಿ ಕುದಿಯುತ್ತಿತ್ತು. ಯಾರೂ ಅದನ್ನು ಇಳಿಸಲಿಲ್ಲ.

"ವಕೀಲರು ಕೇಳಿದ್ರು. ಬೇರೆ ಪತ್ರ ಯಾವುದೂ ಇಲ್ಲ ಅಂತ ಕಂಪನಿ ಬರ್ಕೊಟ್ಟಿತು. ಮುಗೀತು. ಆಲ್ಮಾ ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ನಾನೂ ಜಗಳ ಆಡಲಿಲ್ಲ, ಹೊಡೀಲಿಲ್ಲ. ಅವಳು ಮನೆಯ ಯಾವ ಬಾಗಿಲು ಹಾಕಿದ್ರೂ, ಹಿಂದೆ ಹೋಗಿ ನಾನೊಂದು ಸಲ ಎಳೆದು ನೋಡ್ತಿದ್ದೆ. ಇಪ್ಪತ್ತಮೂರು ವರ್ಷ, ಅವಳ ಕಣ್ಣ ಮುಂದೆ. ಅವಳು ಸತ್ತು ಎಂಟು ವರ್ಷ ಆಯ್ತು. ಹೋದ ಅಕ್ಟೋಬರಲ್ಲಿ ನಿಮ್ಮಮ್ಮನ ಪತ್ರ ಬಂತು. ನಾಲ್ಕು ಹಾಳೆ."

"ಅಮ್ಮ ಬರ್ದಿದ್ಲಾ?" ಎಂದಳು ಡೆನೀಸ್. ಅಕ್ಟೋಬರಿನಲ್ಲೇ ವೈದ್ಯರು ಕೈ ಚೆಲ್ಲಿದ್ದರು. ಅಮ್ಮ ಹಾಸಿಗೆಯ ಮೇಲೆ ಕೂತು ಏನೋ ಬರೆಯುತ್ತಿದ್ದುದನ್ನು ಅವಳು ನೋಡಿದ್ದಳು. ಯಾರಿಗಮ್ಮ ಎಂದರೆ, ಬಾಕಿ ಉಳಿದ ಒಂದು ಉತ್ತರ ಕಣೇ, ಎಂದಿದ್ದಳು.

"'ನಿಮ್ಮ ಹೆಂಡತಿ ಬಾಗಿಲು ಸರಿಯಾಗಿಯೇ ಹಾಕಿದ್ದರು. ದಯವಿಟ್ಟು ಅವರಿಗೆ ತಿಳಿಸಿ.' ಹಾಗೆ ಬರ್ದಿದ್ರು." ಟೀಲ್ ಆ ಹಳೆಯ ಹಾಳೆಯನ್ನು ಮಡಿಸಿದರು. "ಯಾರಿಗೆ ತಿಳಿಸ್ಲಿ? ನಾನು ಒಂದೇ ಸಾಲು ವಾಪಸ್ ಬರ್ದೆ. ನಿಮ್ಮ ಪತ್ರ ತಲುಪಿತು, ಅಂತ. ಸಿಟ್ಟು ಇಳಿಯೋಕೆ ನಾಲ್ಕು ತಿಂಗಳು ಹಿಡೀತು. ಇಳೀತು ಅಂದ್ಕೊಂಡು ಫೋನ್ ಮಾಡಿದೆ."

"ಕ್ಷಮಿಸೋಕಾ?"

"ಗೊತ್ತಿಲ್ಲ ಕಣಮ್ಮ. ಎದುರಿಗೆ ಕೂತು ಒಂದು ಮಾತು ಕೇಳ್ಬೇಕಾಗಿತ್ತು. ನನ್ನ ತಪ್ಪು ದೊಡ್ಡದಾ, ಅವರ ಸುಳ್ಳಾ ಅಂತ."

ಅಡುಗೆಮನೆಯ ಬಾಗಿಲಲ್ಲಿ ಸದ್ದಾಯಿತು. ಲಿಯೋ ಮಾಮ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಬೈಯುತ್ತಾನೆ ಎಂದುಕೊಂಡಳು ಡೆನೀಸ್.

"ಬಾಗಿಲ ಕೊಕ್ಕೆಯ ತಗಡು ತೆಳು ಮಾಡಿದ್ರು ಆ ವರ್ಷ," ಎಂದ ಅವನು, ಯಾರಿಗೂ ಅಲ್ಲ ಎಂಬಂತೆ. "ಚಳೀಲಿ ಅದರ ಹಲ್ಲು ಕಚ್ಚುತ್ತಿರಲಿಲ್ಲ. ಲೈನಲ್ಲಿ ಎಲ್ರಿಗೂ ಗೊತ್ತಿತ್ತು. ಸುತ್ತಿಗೇಲಿ ಒಂದು ಏಟು ಹಾಕಿ ಕೂರಿಸಿ ಕಳ್ಸಿ ಅಂದ್ರು ಮೇಲಿನೋರು. ಕೂರಿಸಿದ್ವಿ."

"ಅಮ್ಮನಿಗೆ ಇದನ್ನ ಹೇಳಿದ್ಯಾ ಮಾಮ?"

"ಹಗ್ಗದ ಉಪಾಯ ಮತ್ಯಾರದು ಅಂದ್ಕೊಂಡೆ?" ಎಂದ. ಚೌಕಟ್ಟಿಗೆ ಒರಗಿ, "ಪ್ರೂಯಿಟ್ ಹಿಡೀತಾನೆ, ಸಾಕು ನಿಲ್ಲಿಸು ಅಂದೋನೂ ನಾನೇ," ಎಂದ.

ಬರ್ನೀಸ್ ಆಂಟಿ ಕೋಲಿನ ಮೇಲೆ ಗಲ್ಲ ಊರಿ ಕಣ್ಣು ಮುಚ್ಚಿಕೊಂಡರು.  ಟೀಲ್ ಗಡಿಯಾರ ನೋಡಿ ಟೋಪಿ ಹಾಕಿಕೊಂಡರು. ನಾಲ್ಕಕ್ಕೆ ಬಸ್ಸು.

*

ಡೆನೀಸ್ ತನ್ನ ಕಾರನ್ನು ಮೆಟ್ಟಿಲ ಬುಡಕ್ಕೆ ತಂದಳು. ನಡೆದೇ ಹೋಗುತ್ತೇನೆ ಎಂದು ಟೀಲ್ ಈ ಸಲ ಹಟ ಹಿಡಿಯಲಿಲ್ಲ. ಕಾಲು ಸೋತಿದ್ದವು. ಮುಂದಿನ ಬಾಗಿಲು ತೆರೆದರೆ ಬೇಡವೆಂದು ತಲೆಯಾಡಿಸಿ ಹಿಂದೆ ಹತ್ತಿದರು.

ಅವರು ಬಾಗಿಲು ಎಳೆದುಕೊಳ್ಳುವಷ್ಟರಲ್ಲಿ ಲಿಯೋ ಮಾಮ ಕೋಟಿಲ್ಲದೆ, ಕೈಗವಸಿಲ್ಲದೆ ಮೆಟ್ಟಿಲಿಳಿದು ಬಂದ. "ಕಾಲು ಒಳಗೆ ತೊಗೊಳ್ಳಿ," ಎಂದ. ಬಗ್ಗಿ, ಬಾಗಿಲ ಅಂಚಿಗೆ ಮೆತ್ತಿದ್ದ ಹಿಮವನ್ನು ಉಗುರಿನಿಂದ ಕೆರೆದ. ಬಾಗಿಲು ಹಾಕಿದ. ಹಿಡಿ ಎಳೆದು ನೋಡಿದ. ಏನೋ ಸಾಲದೆನಿಸಿ ಮತ್ತೆ ತೆರೆದು, ಭುಜ ಕೊಟ್ಟು ಒತ್ತಿ ಹಾಕಿ, ಮತ್ತೆ ಎಳೆದ.

ಡೆನೀಸ್ ಕನ್ನಡಿಯಲ್ಲಿ ನೋಡಿದಳು. ಒಳಗೆ ಟೀಲರ ಮುಷ್ಟಿ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು, ಗೆಣ್ಣುಗಳು ಬೆಳ್ಳಗಾಗುವಷ್ಟು. ಹೊರಗೆ ಮಾಮನ ಬರಿಗೈ ಅದೇ ಬಾಗಿಲಿನ ಮೇಲೆ ಹಾಗೆಯೇ ಇತ್ತು. ಇಬ್ಬರ ಉಸಿರಿಗೂ ಗಾಜು ಎರಡೂ ಕಡೆಯಿಂದ ಮಂಜಾಗುತ್ತಿತ್ತು. ಎಂಜಿನ್ ಗುನುಗುತ್ತಿತ್ತು. ಬಸ್ಸಿಗೆ ಹತ್ತೇ ನಿಮಿಷ ಉಳಿದಿತ್ತು. ಅವಳು ಗೇರಿನ ಮೇಲೆ ಕೈಯಿಟ್ಟುಕೊಂಡು, ಇಬ್ಬರಲ್ಲಿ ಯಾರು ಮೊದಲು ಕೈ ಬಿಡುತ್ತಾರೋ ಎಂದು ಕಾದಳು.