ಸಖುಬಾಯಿ ಮಗನನ್ನು ಬೆಲ್ಲದಲ್ಲಿ ತೂಗಿದ್ದು

ನಮ್ಮ ಡಾಬಕಾದಲ್ಲಿ ಬಡಕಲಾದವನಿಗೆ ಊರೆಲ್ಲ ಔಷಧ ಹೇಳುತ್ತದೆ, ದಪ್ಪಗಿದ್ದವನಿಗೆ ದೃಷ್ಟಿ ತೆಗೆಯುತ್ತದೆ. ಹಾಗಾಗಿ ನನ್ನ ತಮ್ಮ ಧೊಂಡಿಬಾನ ಮಗ ಬಕ್ಕಪ್ಪ ಹೈದರಾಬಾದಿನ ಯುನಿವರ್ಸಿಟಿ ಪರೀಕ್ಷೆ ಮುಗಿಸಿ, ಕಮಲನಗರ ಸ್ಟೇಷನ್ನಿನಲ್ಲಿ ರೈಲಿನ ಬಾಗಿಲಿಂದ ಅಡ್ಡಡ್ಡ ತಿರುಗಿ ಇಳಿದಾಗ, ಅವನ ತಾಯಿ ಸಖುಬಾಯಿ ಅಲ್ಲೇ ನೆಟಿಗೆ ಮುರಿದಳು. ಆಗಷ್ಟೇ ನಾವು ಮೈಸೂರು ರಾಜ್ಯಕ್ಕೆ ಸೇರಿದ್ದೆವು. ರಾಜ್ಯ ಬದಲಾದದ್ದು ಊರಲ್ಲಿ ಯಾರ ಕಣ್ಣಿಗೂ ಕಂಡಿರಲಿಲ್ಲ. ಬಕ್ಕಪ್ಪ ಬದಲಾದದ್ದು ಮಾತ್ರ ಅರ್ಧ ಹರಿದಾರಿಯಿಂದಲೇ ಕಾಣುತ್ತಿತ್ತು.

ಅವನು ಹಾಗಾದದ್ದರಲ್ಲಿ ಮಾಯೆಯೇನೂ ಇಲ್ಲ. ಕುರಿ ಹಿಂದೆ ಹೊಲ ಗುಡ್ಡ ತಿರುಗಿ ಬೆಳೆದ ಹುಡುಗ. ಕುರಿಗಳನ್ನು ಇಲ್ಲಿ ಬಿಟ್ಟು ಹೋದ, ಹಸಿವನ್ನು ಮಾತ್ರ ಜೊತೆಗೆ ಒಯ್ದ. ಅಲ್ಲಿ ಕುರ್ಚಿಯ ಮೇಲೆ ಕೂತು ಓದುವುದು, ಮೆಸ್ಸಿನಲ್ಲಿ ಕೂತು ಡಾಲ್ಡಾದ ಅನ್ನ ಉಣ್ಣುವುದು. ಮೈ ಬೆಳೆಯದೆ ಇನ್ನೇನು ಬೆಳೆದೀತು?

ಸಖುಬಾಯಿಗೆ ಅದರಲ್ಲಿ ಇನ್ನೊಂದು ಖುಷಿಯಿತ್ತು. ಮಗ ಚಿಕ್ಕಂದಿನಲ್ಲಿ ವಿಷಮಜ್ವರದಿಂದ ಸಾಯುವಂತಾದಾಗ ಅವಳು ಮೈಲಾರಲಿಂಗನಿಗೆ ಹರಕೆ ಹೊತ್ತಿದ್ದಳು. ಉಳಿದು ದೊಡ್ಡ ಸಾಲಿ ಕಲಿತರೆ ಅವನ ತೂಕದ ಬೆಲ್ಲ ಊರಿಗೆ ಹಂಚುತ್ತೇನೆ ಎಂದು. ಬಡಕಲು ಮಗನನ್ನು ತೂಗಿದರೆ ದೇವರ ಮುಂದೆ ಮರ್ಯಾದೆ ಉಳಿದೀತೇ? ಊರವರಿಗೂ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಒಬ್ಬರ ಮನೆಯಿಂದ ಹೂರಣದ ಹೋಳಿಗೆ, ಇನ್ನೊಬ್ಬರ ಮನೆಯಿಂದ ತುಪ್ಪ. ಪ್ರೀತಿಯೂ ಇತ್ತು, ಇಲ್ಲವೆನ್ನುವುದಿಲ್ಲ.

ಒಂದು ದಿನ ಹಟ್ಟಿಯ ದಿಬ್ಬ ಹತ್ತುವಾಗ ಹುಡುಗ ಎದೆ ಹಿಡಿದು ಕೂತ. ಬೆವರೋ ಬೆವರು. ನಾನೂ ಸಖುವೂ ಅವನನ್ನು ಬೀದರಿಗೆ ಡಾಕ್ಟರ್ ಅಬ್ದುಲ ಸಮದರ ಹತ್ತಿರ ಕರೆದೊಯ್ದೆವು.

"ರಕ್ತದ ಒತ್ತಡ ಜಾಸ್ತಿ ಅದ ಬಾಯಿ. ದಿಲ್ ಮ್ಯಾಲ ಬೋಜಾ ಬೀಳ್ಲಿಕತ್ತದ," ಅಂದರು ಡಾಕ್ಟರ್. "ಈ ಯುನಿವರ್ಸಿಟಿ ಹುಡುಗರದು ಎಲ್ಲಾರದೂ ಇದೇ ಹಾಲತ್. ಮೈ ಇಳಿಸಬೇಕು. ಇಲ್ಲಂದ್ರ ಈ ಹುಡುಗ ನಿಮ್ಮ ಕೈಗೆ ಉಳಿಯಾಂಗಿಲ್ಲ."

"ಇಳಿಸ್ತೇನ್ರಿ ಸಾಹೇಬ್ರ," ಸಖು ಕೈ ಮುಗಿದಳು. "ತುಲಾಭಾರ ಒಂದು ಆಗಿ ಹೋಗ್ಲಿ."

ನನಗೆ ಮೈಯೆಲ್ಲ ಉರಿಯಿತು. "ಏ ಹುಚ್ಚಿ, ತೂಗಲಿಕ್ಕೆ ಮಗ ಇರಬೇಕೋ ಬ್ಯಾಡೋ?" ಎಂದು ಅಲ್ಲೇ ಬೈದೆ. ಅವಳು ಬಸ್ಸಿನಲ್ಲಿ ಊರು ಮುಟ್ಟುವ ತನಕ ಅತ್ತಳು. ಮನೆಗೆ ಬಂದವಳೇ ಮಗನಿಗೆ ಗಾಬರಿಯಾಗಿದೆ ಎಂದು ಹಾಲಿಗೆ ತುಪ್ಪ ಹಾಕಿ ಕೊಟ್ಟಳು.

ಬಕ್ಕಪ್ಪನಿಗೆ ಮಾತ್ರ ಸಾವಿನ ಭಯ ಹೊಕ್ಕಿತ್ತು. ಹಾಸ್ಟೆಲ್ಲಿನಲ್ಲಿ ಅವನ ಪಕ್ಕದ ಖೋಲಿಯ ಹುಡುಗ ಮೆಟ್ಟಿಲ ಮೇಲೆ ಕುಸಿದವನು ಮತ್ತೆ ಎದ್ದಿರಲಿಲ್ಲವಂತೆ. "ಅತ್ತಿ, ನಂಗ ಬದುಕಬೇಕಾಗ್ಯಾದ," ಅಂದ. ಮರುದಿನದಿಂದ ಕೋಳಿ ಕೂಗುವಾಗಲೇ ಎದ್ದು ಕುರಿ ಹೊಡೆದುಕೊಂಡು ಹೊರಟ. ಬುತ್ತಿಗೆ ಜೋಳದ ರೊಟ್ಟಿ, ಪುಂಡಿಪಲ್ಯ. ತುಪ್ಪದ ಹಾಲು ನಮ್ಮ ನಾಯಿಗೆ ಹೋಗುತ್ತಿತ್ತು, ಕುಡಿಸುತ್ತಿದ್ದವಳು ನಾನೇ. ಮಳೆಗಾಲ ಮುಗಿಯುವುದರೊಳಗೆ ಹುಡುಗ ಇಳಿದ, ನಾಯಿ ಉಬ್ಬಿತು. ಪಾಸಾದ ಸುದ್ದಿ ಬಂದಾಗ ಅವನು ದಿಬ್ಬವನ್ನು ಓಡಿಯೇ ಹತ್ತಿದ. ಊರವರು ಮಾತ್ರ ಮನೆಗೆ ಬಂದು, "ಏನಾಗ್ಯಾದರಿ ಹುಡುಗಗ? ಕ್ಷಯ ಗಿಯ ಇಲ್ಲಲ್ಲ?" ಎಂದು ಮರುಗಿ ಹೋದರು.

ತುಲಾಭಾರದ ದಿನ ಮೈಲಾರಲಿಂಗನ ಗುಡಿಗೆ ಕಮಲನಗರದ ಅಡತಿ ಅಂಗಡಿಯಿಂದ ಜೋಳ ತೂಗುವ ದೊಡ್ಡ ತಕ್ಕಡಿ ತರಿಸಿದ್ದರು. ಬೆಲ್ಲವನ್ನು ಧೊಂಡಿಬಾ ಬೇಸಿಗೆಯಲ್ಲೇ ಭಾಲ್ಕಿ ಸಂತೆಯಿಂದ ತಂದಿಟ್ಟಿದ್ದ. ಮಗ ಇನ್ನೂ ಉಬ್ಬುತ್ತಾನೆಂದು ನಂಬಿ ಒಂದಿಷ್ಟು ಹೆಚ್ಚೇ ತಂದಿದ್ದ. ಬಕ್ಕಪ್ಪ ಒಂದು ತಟ್ಟೆಯಲ್ಲಿ ಕೂತ. ಇನ್ನೊಂದಕ್ಕೆ ಬೆಲ್ಲ ಏರಿಸುತ್ತಾ ಹೋದರು. ರಾಶಿ ಇನ್ನೂ ಕೆಳಗೆ ಉಳಿದಿರುವಾಗಲೇ ಹುಡುಗ ಕೂತ ತಟ್ಟೆ ಮೇಲೆದ್ದಿತು.

ಎಲ್ಲರ ಮುಖವೂ ಸಪ್ಪಗಾಯಿತು. ಪೂಜಾರಿ ಕಾಶೀರಾಮ ಗಂಟಲು ಸರಿ ಮಾಡಿಕೊಂಡ.

"ದೇವರ ಹೆಸರಿಗೆ ಬಂದ ಬೆಲ್ಲ ಹೊಳ್ಳಿ ಮನಿಗೆ ಹೋಗಬಾರದು. ತೂಗದಿದ್ದದ್ದು ಹಂಚಬಾರದು. ಯಾರ ಹೆಸರಿಗೆ ಬಂದದೋ ಅವನೇ ತಿಂದು ಮುಗಿಸಬೇಕು. ಹಿಂದಿನಿಂದ ನಡೆದು ಬಂದ ಪದ್ಧತಿ."

ನೋಡಿ, ದೇವರ ನ್ಯಾಯ! ಹುಡುಗ ಬೆವರು ಸುರಿಸಿ ಇಳಿಸಿಕೊಂಡದ್ದೆಲ್ಲ ಬೆಲ್ಲವಾಗಿ ಅವನ ಮುಂದೆ ರಾಶಿ ಬಿದ್ದಿತ್ತು. ಬಕ್ಕಪ್ಪನ ಮುಖ ಬಿಳಿಚಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಸಖು ಮುಂದೆ ಬಂದಳು. ಮಗನ ಬಾಯಿಗೇ ತುರುಕುತ್ತಾಳೆ ಎಂದುಕೊಂಡೆ. ಅವಳು ಸೆರಗು ಬಿಗಿದು, ತಕ್ಕಡಿಯ ಹಗ್ಗ ಹಿಡಿದು, ಮಗನ ಪಕ್ಕ ಹತ್ತಿ ಕೂತುಬಿಟ್ಟಳು.

"ಸಾಹೇಬ್ರು ಹೇಳಿದ್ದು ನಾನೂ ಕೇಳೇನಿ," ಅಂದಳು. "ಕಡಿಮಿ ಬಿದ್ದದ್ದು ನಾ ತುಂಬತೇನಿ. ತಾಯಿ ಮಗ ದೇವರಿಗೆ ಬ್ಯಾರೆ ಏನ್ರಿ? ಏರಿಸ್ರಿ ಬೆಲ್ಲ."

ಕಾಶೀರಾಮ ಜನರ ಮುಖ ನೋಡಿದ. ಜನ ಬೆಲ್ಲದ ಮುಖ ನೋಡಿದರು. ಯಾರೂ ಬೇಡವೆನ್ನಲಿಲ್ಲ.

ಉಳಿದ ಬೆಲ್ಲವೆಲ್ಲ ಏರಿತು, ತಕ್ಕಡಿ ಸಮ ನಿಂತಿತು. ಮೈಲಾರನಿಗೆ ಏಳುಕೋಟಿ ಎಂದು ಕೂಗಿ ಅರಿಸಿನದ ಭಂಡಾರ ಎರಚಿದರು. ಬಕ್ಕಪ್ಪ ಇಳಿದದ್ದೇ ತಡ, ಬೆಲ್ಲದ ತಟ್ಟೆ ದಡ್ಡನೆ ನೆಲಕ್ಕೆ ಬಿತ್ತು, ಸಖು ತಟ್ಟೆ ಸಮೇತ ಮೇಲಕ್ಕೆ ಹಾರಿದಳು. ಜನ ಹೋ ಎಂದು ನಕ್ಕರು. ಅವನು ಒಂದೇ ತೋಳಿನಿಂದ ತಾಯಿಯನ್ನು ಎತ್ತಿ ಇಳಿಸಿದ. ಇಳಿಸಿದವನು ಕೈ ಬಿಡದೆ ಹಾಗೇ ನಿಂತ.

"ಅವ್ವಾ, ನೀ ಇಷ್ಟೇ ಇದ್ದೀ? ಇಷ್ಟು ವರ್ಷ ನೀ ಏನು ಉಂಡೀ?"

"ನೀ ಉಂಬೋದು ನೋಡ್ತಿದ್ದೆನಲ್ಲೋ," ಅಂದಳು ಸಖು. ತಟ್ಟೆಯಿಂದ ಬೆಲ್ಲದ ಹೆಂಟೆಯೊಂದನ್ನು ತೆಗೆದು ಅವನ ಬಾಯಿಯ ಹತ್ತಿರ ಒಯ್ದಳು. "ಪ್ರಸಾದ, ಬ್ಯಾಡ ಅನಬ್ಯಾಡ. ಮುಖ ನೋಡು ಹ್ಯಾಂಗ ಬತ್ತಿ ಹೋಗ್ಯಾದ."

ಬಕ್ಕಪ್ಪ ಅದನ್ನು ಅವಳ ಕೈಯಿಂದ ಕಸಿದುಕೊಂಡು ಅವಳ ಬಾಯಿಗೇ ಇಟ್ಟ. ಅವಳು ತಲೆ ಕೊಡವಿದಳು, ಬೈದಳು, "ಮೊದಲ ನೀ, ಮೊದಲ ನೀ" ಅಂದಳು. ಹುಟ್ಟಿದಾಗಿನಿಂದ ತಾಯಿಯ ಮಾತನ್ನು ಅವಳೆದುರು ಮೀರದ ಹುಡುಗ ಅವತ್ತು ಕೇಳಲಿಲ್ಲ. ಅವಳು ನುಂಗುವ ತನಕ ಎದುರಿಗೇ ನಿಂತು ನೋಡಿದ.